ಉಂಡನೀ ತಟ್ಟೆ

ನಮ್ಮ ಮೇಷ್ಟ್ರ ಬಲಗೈ ಹೆಬ್ಬೆರಳಿನ ಉಗುರು ಸದಾ ಕೆಂಪಗಿರುತ್ತಿತ್ತು. ಗೋರಂಟಿ ಹಚ್ಚಿಕೊಂಡಿದ್ದಾರೆಂದು ಕ್ಲಾಸಿನ ಹುಡುಗಿಯರೆಲ್ಲ ನಗುತ್ತಿದ್ದೆವು. ಅದು ಹಳೇ ಮಡಕೆಯ ಒಡೆದ ಚೂರುಗಳ, ಬೋಕಿಗಳ ಬಣ್ಣ. ಯಾವ ಬೋಕಿ ಸಿಕ್ಕರೂ ಮುರಿದ ಅಂಚನ್ನು ಉಗುರಿನಿಂದ ಕೆರೆದು, ಮಣ್ಣು ನಯವೋ ಮರಳುಮರಳೋ ನೋಡದೆ ಅವರು ಕೆಳಗಿಡುತ್ತಿರಲಿಲ್ಲ.

ಮೇಲೂರಿನ ಕಡೆ ಹೊಲ ಉಳುವಾಗ ಏಳುವ ಬೋಕಿಗಳನ್ನು ರೈತರು ಬದುವಿಗೆ ಎಸೆಯುತ್ತಿದ್ದರು. ಹೈಸ್ಕೂಲಿನಲ್ಲಿ ಚರಿತ್ರೆ ಕಲಿಸುತ್ತಿದ್ದ ಮೇಷ್ಟ್ರು ಅವನ್ನು ಆಯ್ದು, ಶಿಡ್ಲಘಟ್ಟದ ಮನೆಗೆ ತಂದು ತೊಳೆದು, ರೇಷ್ಮೆಹುಳು ಸಾಕುವ ಹಳೇ ಬಿದಿರಿನ ತಟ್ಟೆಗಳಲ್ಲಿ ವಿಂಗಡಿಸುತ್ತಿದ್ದರು. ಮಡಕೆಯ ಬಾಯಿ ಒಂದು ತಟ್ಟೆಗೆ, ಕಂಠ ಒಂದಕ್ಕೆ, ತಳ ಒಂದಕ್ಕೆ. ಆಮೇಲೆ ಮಣ್ಣು, ಹೊಳಪು, ಸುಟ್ಟ ಬಗೆ. ಎಲ್ಲಿಗೂ ಸೇರದ್ದು ಸಿಕ್ಕರೆ "ಉಂಡನೀ" ಎನ್ನುತ್ತಿದ್ದರು. ಅವರ ಮನೆಮಾತು ತೆಲುಗು. ಇರಲಿ ಬಿಡು ಎಂದರ್ಥ. ಅಂಥವಕ್ಕೆಂದೇ ಕಿಟಕಿಯ ಹತ್ತಿರ ಒಂದು ತಟ್ಟೆ ಇತ್ತು. ಅದಕ್ಕೆ ಉಂಡನೀ ತಟ್ಟೆಯೆಂದೇ ಹೆಸರು.

"ಗೊತ್ತಿಲ್ಲ ಅನ್ನೋಕೆ ನಾಚ್ಕೋಬಾರ್ದು ಕಣಮ್ಮ. ಸುಳ್ಳು ಹೆಸರು ಇಟ್ರೆ ಮಡಕೆ ಬಂದು ಜಗಳ ಆಡಲ್ಲ, ಅದೇ ಕಷ್ಟ."

ನಿವೃತ್ತಿಯಾದ ಮೇಲೆ ಅವರ ಕಣ್ಣು ಮಂಜಾಗತೊಡಗಿತು. ಪೂರ್ತಿ ಹೋಗುವುದರೊಳಗೆ ಆ ಬೋಕಿಗಳದ್ದೊಂದು ಪಟ್ಟಿ ಮುಗಿಸಬೇಕೆಂಬುದೊಂದೇ ಅವರಿಗಿದ್ದ ಆಸೆ. ಅದೇ ಬೀದಿಯವಳಾದ ನಾನು, ಅಷ್ಟರಲ್ಲಿ ನಾನೂ ಚರಿತ್ರೆ ಟೀಚರು, ಸಂಜೆ ಹೋಗಿ ಲ್ಯಾಪ್‌ಟಾಪಿನಲ್ಲಿ ಬರೆದುಕೊಳ್ಳುತ್ತಿದ್ದೆ. ಕಣ್ಣಿನ ಆಪರೇಷನ್ನಿಗೆಂದು ಅವರು ಚಿಕ್ಕಬಳ್ಳಾಪುರಕ್ಕೆ ಹೋದ ವಾರ, ಬಂದು ನೋಡಿ ಖುಷಿಪಡಲಿ ಎಂದು ಉಂಡನೀ ತಟ್ಟೆಯನ್ನು ಖಾಲಿ ಮಾಡಿಬಿಟ್ಟೆ. ಕರಿಯದನ್ನು ಕರಿಯದರ ಜೊತೆ ಹಾಕಿದೆ, ಕೆಂಪನ್ನು ಕೆಂಪಿನ ಜೊತೆ. ಪಟ್ಟಿ ಎಷ್ಟು ಚೊಕ್ಕಟವಾಗಿ ಕಂಡಿತು! ಮಹಾ ಬುದ್ಧಿವಂತೆ ನಾನು.

ಮೇಷ್ಟ್ರು ಕಪ್ಪು ಕನ್ನಡಕ ಹಾಕಿಕೊಂಡು ಬಂದವರು ಬರಿದಾದ ತಟ್ಟೆಯನ್ನು ಅಂಗೈಯಿಂದ ಸವರಿದರು.

"ಎಲ್ಲಾ ಗೊತ್ತಾಗೋಯ್ತಾ ನಿಂಗೆ?"

ಆಮೇಲೆ ಮಿಕ್ಕ ತಟ್ಟೆಗಳಲ್ಲಿ ತಡಕಿ ತಡಕಿ ಕರಿಯ ಬೋಕಿಯೊಂದನ್ನೂ ಕೆಂಪು ಬೋಕಿಯೊಂದನ್ನೂ ತೆಗೆದು ಅಂಚಿಗೆ ಅಂಚು ಕೂಡಿಸಿದರು. ಸರಿಯಾಗಿ ಕೂತುಕೊಂಡವು.

"ಒಂದೇ ಮಡಕೆ ಕಣಮ್ಮ. ಬೋರಲು ಹಾಕಿ ಸುಟ್ಟವ್ರೆ. ಬಾಯಿ ಬೂದಿ ಒಳಗಿತ್ತು, ಕರ್ರಗಾಯ್ತು. ತಳಕ್ಕೆ ಗಾಳಿ ಆಡ್ತು, ಕೆಂಪಗಾಯ್ತು. ಇದರ ಮಿಕ್ಕಿದ್ದನ್ನ ಹುಡುಕ್ತಾ ಇದ್ದೆ ನಾನು."

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮರುದಿನದಿಂದ ಎಲ್ಲ ತಟ್ಟೆಗಳನ್ನೂ ಮೊದಲಿನಿಂದ ಕೆದಕಿದೆವು. ಅವರ ಕಣ್ಣು ಮತ್ತೆ ತಿಳಿಯಾಗಲಿಲ್ಲ; ಉಗುರಿನಿಂದಲೇ ಗುರುತು ಹಿಡಿಯುತ್ತಿದ್ದರು. ಆ ಮಡಕೆ ಅರ್ಧದಷ್ಟು ಕೂಡಿತು. ಪಟ್ಟಿ ಅಷ್ಟೂ ಆಗಲಿಲ್ಲ. ಕಳೆದ ಮಾಘದಲ್ಲಿ ಮೇಷ್ಟ್ರು ತೀರಿಕೊಂಡರು.

ಹೆಣದ ಪಕ್ಕ ಕೂತು ನಾನು ನೋಡಿದ್ದು ಆ ಹೆಬ್ಬೆರಳನ್ನು. ಸ್ನಾನ ಮಾಡಿಸಿದವರು ಉಗುರನ್ನು ಉಜ್ಜಿ ತೊಳೆದಿದ್ದರು. ಬೆಳ್ಳಗಿತ್ತು. ನನಗೆ ಏನೂ ಅನ್ನಿಸಲಿಲ್ಲ. ಮನೆಗೆ ಬಂದು ಸ್ನಾನ ಮಾಡಿ ಉಂಡೆ. ಮಾರನೆಯ ದಿನ ಶಾಲೆಗೆ ಹೋಗಿ ಪಾಠ ಮಾಡಿದೆ.

ಹನ್ನೊಂದನೆಯ ದಿನ ತಿಥಿಗೆ ಹೋದಾಗ ಅವರ ಹೆಂಡತಿ ಉಂಡನೀ ತಟ್ಟೆಯನ್ನು ತಂದು ನನ್ನ ಮುಂದಿಟ್ಟರು. "ಇದು ನಿನ್ಗೇ ಅಂತ ಹೇಳಿದ್ರು. ತಗೊಂಡ್ಹೋಗು."

"ನಂಗಿನ್ನೂ ಅಳು ಬಂದಿಲ್ಲಮ್ಮ," ಎಂದೆ. "ಯಾಕೋ ಗೊತ್ತಿಲ್ಲ."

ಅವರು ತಟ್ಟೆಯನ್ನು ಎತ್ತಿ ನನ್ನ ತೊಡೆಯ ಮೇಲಿಟ್ಟರು.

"ಉಂಡನೀ," ಎಂದರು.