ಹಳದೀಪುರದಲ್ಲಿ ಹಾರ್ನ್ ಹೊಡೆದರೆ

ಹಳದೀಪುರಕ್ಕೆ ಬಂದ ಮರುದಿನ ಬೆಳಿಗ್ಗೆ ಹೆದ್ದಾರಿಯ ಪಕ್ಕದ ಸಣ್ಣ ರಸ್ತೆಯಲ್ಲಿ ನಡೆದು ಹೋಗುತ್ತಿದ್ದೆ. ಹಿಂದಿನಿಂದ ಪೋಂ, ಪೋಂ ಎಂದು ಎರಡು ಸಲ ಹಾರ್ನ್ ಕೇಳಿತು. ಬಸವನ ಬಾಗೇವಾಡಿ ಕಡೆಯ ಹಳ್ಳಿಯಲ್ಲಿ ಬೆಳೆದವಳಿಗೆ ಹಾರ್ನ್ ಕೇಳಿದ ಮೇಲೆ ಮಾಡುವ ಕೆಲಸ ಒಂದೇ, ದಾರಿ ಬಿಡುವುದು. ಬಿಟ್ಟೆ. ಬೇಲಿಗೆ ಅಂಟಿಕೊಂಡು ನಿಂತೆ. ಅದೇ ಹೊತ್ತಿಗೆ ಸಾಲುಮನೆಗಳಿಂದ ಹೆಂಗಸರು ಬೋಗುಣಿ, ತಟ್ಟೆ ಹಿಡಿದು ರಸ್ತೆಯ ನಡುವಿಗೇ ಬಂದರು. ಎರಡು ಬೆಕ್ಕುಗಳೂ ಬಂದವು. ಒಂದು ಬೈಕು ಬಂದು ಅವರ ನಡುವೆ ನಿಂತಿತು. ಹಿಂದೆ ಕಟ್ಟಿದ್ದ ಪೆಟ್ಟಿಗೆಯ ಮುಚ್ಚಳ ತೆಗೆದರೆ ಮಂಜುಗಡ್ಡೆಯ ಮೇಲೆ ಸಾಲಾಗಿ ಮಲಗಿದ ಮೀನು. ಬೇಲಿಯ ಪಕ್ಕ ನಿಂತಿದ್ದ ನನ್ನನ್ನು ನೋಡಿ, ನಾನು ಹಿಂದಿನ ದಿನವಷ್ಟೇ ಬಾಡಿಗೆಗೆ ಹಿಡಿದ ಕೋಣೆಯ ಯಜಮಾನಿ ದೇವಮ್ಮ ಕೇಳಿದರು: “ಎಂತಕ್ಕೆ ತಂಗೀ ಹೆದರ್ತಿ? ಬಂಗಡೆ ಕಚ್ಚೂದಿಲ್ಲ.”

ಎಲ್ಲರೂ ನಕ್ಕರು. ನಾನೂ ನಕ್ಕೆ. ಈ ಊರು ನನಗೆ ಕಲಿಸಿದ ಮೊದಲ ಪಾಠ ಅದು. ನಾನು ಅದನ್ನು ಪೂರ್ತಿ ಕಲಿಯಲಿಲ್ಲ.

ನಮ್ಮ ಕಡೆಯವರು ಫೋನಿನಲ್ಲಿ ಈಗಲೂ ಮೊದಲು ಕೇಳುವುದು ಸಮುದ್ರ ಹೆಂಗೈತಿ ಎಂದೇ. ಸಮುದ್ರ ಚೆನ್ನಾಗಿದೆ. ನನಗೆ ಸಿಕ್ಕಿದ್ದು ಮಾತ್ರ ದನಗಳು. ಬಿ.ಎಸ್ಸಿ. ಮುಗಿಸಿ, ಪಶುಸಂಗೋಪನೆಯ ಡಿಪ್ಲೊಮಾ ಮಾಡಿ ಪಶು ಆಸ್ಪತ್ರೆಯ ಪರೀಕ್ಷಕಿಯಾಗಿ ಇಲ್ಲಿಗೆ ಬಂದೆ. ನಮ್ಮಲ್ಲಿ ಎತ್ತಿನ ಡುಬ್ಬ ನನ್ನ ತಲೆಯ ಮಟ್ಟಕ್ಕಿರುತ್ತದೆ. ಇಲ್ಲಿಯ ದನ ನನ್ನ ಸೊಂಟಕ್ಕೆ ಬರುತ್ತದೆ. ನಮ್ಮಲ್ಲಿ ಮನೆಗಳು ಗೋಡೆಗೆ ಗೋಡೆ ತಾಗಿಸಿ ಕೂತಿರುತ್ತವೆ. ಇಲ್ಲಿ ಒಂದು ಮನೆಗೂ ಇನ್ನೊಂದಕ್ಕೂ ನಡುವೆ ತೆಂಗಿನ ತೋಟ, ಗದ್ದೆ, ಒಂದು ಹಳ್ಳ. ಲಸಿಕೆಯ ಡಬ್ಬಿ ಹೊತ್ತು ನಡೆದರೆ ಹತ್ತು ಮನೆ ಮುಗಿಯುವಷ್ಟರಲ್ಲಿ ಅದರೊಳಗಿನ ಮಂಜುಗಡ್ಡೆ ನೀರಾಗಿರುತ್ತದೆ. ಲಸಿಕೆಯ ದಿನಗಳಲ್ಲಿ ಜನ ಸಾಲದೆ ಪಕ್ಕದ ತಾಲೂಕು ಭಟ್ಕಳದ ಮುಟ್ಟಳ್ಳಿಯವರೆಗೂ ಹೋಗಬೇಕು. ಆಸ್ಪತ್ರೆಯ ಬೈಕು ತಾಡಪಾಲಿನ ಕೆಳಗೆ ಸುಮ್ಮನೆ ನಿಂತಿತ್ತು. ಗೇರಿನ ಬೈಕು, ನನಗೆ ಓಡಿಸಲು ಬಾರದು. ಡಾಕ್ಟರು ಸಿಟ್ಟಿಲ್ಲದೆಯೇ ಹೇಳಿದ್ದರು, ಲೈಸೆನ್ಸ್ ತೋರಿಸಿ ಕೀಲಿ ತಗೊಳ್ಳಿ, ಇಲ್ಲದಿದ್ದರೆ ಗಾಡಿ ಓಡಿಸುವವರನ್ನೇ ಕೊಡಿ ಎಂದು ನಾನು ಮೇಲಿನವರಿಗೆ ಬರೆಯಬೇಕಾಗುತ್ತದೆ ಎಂದು.

ಆ ಮೊದಲ ತಿಂಗಳುಗಳಲ್ಲಿ ಒಂಟಿತನ ನನ್ನನ್ನು ಹಿಡಿಯುತ್ತಿದ್ದದ್ದು ಊಟದ ಹೊತ್ತಿಗೆ. ಮೂರು ಹೊತ್ತೂ ಅನ್ನ. ದೇವಮ್ಮ ಯಾರಿಗೋ ಹೇಳಿ ಕುಮಟಾ ಪೇಟೆಯಿಂದ ಜೋಳದ ಹಿಟ್ಟು ತರಿಸಿ ನನ್ನೆದುರೇ ರೊಟ್ಟಿ ತಟ್ಟಲು ಕೂತರು. ಅಕ್ಕಿ ರೊಟ್ಟಿಯಂತೆ ತಟ್ಟಿದರೆ ಜೋಳ ಕೇಳುತ್ತದೆಯೇ? ಎತ್ತುವಾಗ ಮೂರು ತುಂಡಾಯಿತು. “ಈ ಹಿಟ್ಟಿಗೂ ನಿನ್ನಷ್ಟೇ ಹಟ” ಎಂದು ಆ ಮೂರು ತುಂಡನ್ನೇ ಬೇಯಿಸಿ ಕೊಟ್ಟರು. ನಾನು ಮೀನು ತಿನ್ನದವಳು. ಮೀನು ಬೇಯಿಸುವ ದಿನ ಒಲೆ ಹಚ್ಚುವ ಮೊದಲು ತಾವೇ ಬಂದು ನನ್ನ ಕೋಣೆಯ ಕಿಟಕಿ ಮುಚ್ಚಿ ಹೋಗುತ್ತಿದ್ದರು. ಹೇಳುತ್ತಿರಲಿಲ್ಲ, ಕೇಳುತ್ತಿರಲಿಲ್ಲ, ಮುಚ್ಚುತ್ತಿದ್ದರು.

ಬೈಕು ಕಲಿಸಲು ಒಪ್ಪಿದವನು ಮೊದಲ ದಿನ ಕಂಡ ಅದೇ ಮೀನು ಮಾರುವ ಗಣಪಣ್ಣ. ಆಸ್ಪತ್ರೆಯ ಬೈಕನ್ನು ಮುಟ್ಟುವಂತಿರಲಿಲ್ಲ, ಅವನದೇ ಗಾಡಿ. ಪೇಟೆಯವರು ಮೈದಾನದಲ್ಲಿ ಕಲಿಯುತ್ತಾರೆ. ಅವನು ಕಡಲ ತೀರಕ್ಕೆ ಕರೆದುಕೊಂಡು ಹೋದ. ಇಳಿತದ ಹೊತ್ತಿಗೆ ನೀರು ಹಿಂದೆ ಸರಿದು ಹಸಿ ಮರಳು ಸಿಮೆಂಟಿನಂತೆ ಗಟ್ಟಿಯಾಗುತ್ತದೆ. ನಾಳೆ ಎಷ್ಟು ಗಂಟೆಗೆ ಎಂದು ಕೇಳಿದರೆ ಅವನು ಗಡಿಯಾರ ನೋಡುತ್ತಿರಲಿಲ್ಲ, ತಿಥಿ ಎಣಿಸಿ ಹೇಳುತ್ತಿದ್ದ. ಕೋಲಿನಿಂದ ದೊಡ್ಡ ಎಂಟು ಬರೆದು, ಅದರ ಗೆರೆ ಬಿಡದೆ ಸುತ್ತು ಬರಬೇಕು, ಕಾಲು ಕೆಳಗಿಟ್ಟರೆ ಫೇಲು ಎಂದ. ಪರೀಕ್ಷೆಯ ನಿಯಮವೂ ಅದೇ. ಹೆದರಿ ಒಂದು ಕ್ಷಣ ಕಾಲು ತಾಗಿಸಿ, ತಾಗಿಸಿಲ್ಲ ಎಂದು ನಾನು ವಾದಿಸಿದರೆ ಅವನು ಮರಳಿನ ಮೇಲಿನ ಗುರುತಿನ ಪಕ್ಕ ಕೂತು ಕೇಳುವನು: “ಇದು ಯಾರ ಕಾಲು ಅಕ್ಕೋರೆ? ಕಾಗೇದಾ?”

ಮೇ ಮುಗಿಯುವಷ್ಟರಲ್ಲಿ ಮರಳಿನಲ್ಲಿ ಟಯರಿನ ಗುರುತು ಮಾತ್ರ ಇರತೊಡಗಿತು. ಕಾಲು ಊರದೆ ಇರುವುದನ್ನು ಅಷ್ಟು ಚೆನ್ನಾಗಿ ಕಲಿತೆ.

ಜೂನ್ ಬಂತು. ಎರಡು ತಿಂಗಳು ಯಂತ್ರದ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮಳೆಗೆ ತೀರ ಕೊಚ್ಚಿಹೋಗಿ ಅಭ್ಯಾಸಕ್ಕೆ ಜಾಗವೂ ಉಳಿಯಲಿಲ್ಲ. ಗಣಪಣ್ಣನಿಗೆ ಹೊಳೆಮೀನು ನಾಲ್ಕೈದು ಕಿಲೋ ಸಿಕ್ಕ ದಿನ ವ್ಯಾಪಾರ, ಉಳಿದ ದಿನ ಬಿಡುವು. ಹೆದ್ದಾರಿ ಅಗಲವಾದ ಮೇಲೆ ಊರು ಎರಡಾಗಿದೆ, ಪಶ್ಚಿಮಕ್ಕೆ ಪಡುಬದಿ, ಪೂರ್ವಕ್ಕೆ ಮೂಡುಬದಿ. ಅವನು ಮೊದಲು ಪಡುಬದಿಯ ಮನೆಗಳಿಗೆ ಮಾರಿ, ದೂರ ಹೋಗಿ ತಿರುಗಿಸಿಕೊಂಡು ಮೂಡುಬದಿಗೆ ಬರುತ್ತಾನೆ. ಮೀನು ಹೇರಳವಿದ್ದಾಗ ಮೂಡುಬದಿಯವರು ಕಾಯುತ್ತಿದ್ದರು. ಆ ತಿಂಗಳಲ್ಲಿ ಕಾದರೆ ಪೆಟ್ಟಿಗೆ ಖಾಲಿ, ಆಚೆ ಬದಿಯಲ್ಲಿ ಹಾರ್ನ್ ಕೇಳಿದೊಡನೆ ಹೆದ್ದಾರಿ ದಾಟಿ ಓಡುತ್ತಿದ್ದರು. ದೇವಮ್ಮನ ಮನೆ ಮೂಡುಬದಿ.

ಒಂದು ಭಾನುವಾರ ಬೆಳಿಗ್ಗೆ ಮಳೆ ನಿಂತು ಹೊಳವು ಕೊಟ್ಟಿತ್ತು. ರಸ್ತೆಯ ಮೇಲೆ ಅಭ್ಯಾಸವಾಗಲಿ ಎಂದು ಮೀನಿನ ಪೆಟ್ಟಿಗೆ ಬಿಚ್ಚಿಟ್ಟು, ಕೆಂಪು ಎಲ್ ಬೋರ್ಡು ಅಂಟಿಸಿ ಹೊರಟೆವು. ನಾನು ಮುಂದೆ, ಗಣಪಣ್ಣ ಹಿಂದೆ. ಹೊನ್ನಾವರದ ಕಡೆಯಿಂದ ಪಡುಬದಿಯ ಅಂಚಿನಲ್ಲಿ ಮರಳುತ್ತಿದ್ದಾಗ ಊರಿನ ಹತ್ತಿರ ದಾರಿಗೆ ಅಡ್ಡವಾಗಿ ಒಂದು ದನ ನಿಂತಿತ್ತು. ಅದರ ಕಿವಿಯ ಹಳದಿ ಬಿಲ್ಲೆ ನಾನೇ ಹಾಕಿದ್ದು. ಬ್ರೇಕ್ ಹಾಕಿ ಕಾಲೂರಿ ನಿಂತಿದ್ದರೆ ಮುಗಿದಿತ್ತು. ಆದರೆ ಕಾಲೂರಿದರೆ ಫೇಲು ಎಂದು ಒಂದು ತಿಂಗಳು ಮೈಗೆ ಕಲಿಸಿದ್ದೆ. ಬೈಕಿನ ಸ್ವಂತ ಹಾರ್ನನ್ನು ಉಪ್ಪುಗಾಳಿ ಎಂದೋ ತಿಂದುಹಾಕಿತ್ತು. ಹ್ಯಾಂಡಲಿಗೆ ಕಟ್ಟಿದ್ದ, ಮೀನು ಬಂತೆಂದು ಕರೆಯುವ ರಬ್ಬರ್ ಬುರುಡೆಯ ಹಾರ್ನನ್ನು ಒತ್ತಿದೆ. ಗಟ್ಟಿಯಾಗಿ, ಉದ್ದಕ್ಕೆ, ಒಂದು ಸಲ. ಸರಿ ಆಕಡೆ ಎಂದು.

ದನ ಸರಿಯಿತು.

ಹೆದ್ದಾರಿಯ ಆಚೆಬದಿಯಲ್ಲಿ ದೇವಮ್ಮ ಅಂಗಳ ಇಳಿದು ಬರುವುದು ಕಾಣಿಸಿತು. ಕೈಯಲ್ಲಿ ಬೋಗುಣಿ. ನಮ್ಮ ಕಡೆಗೆ ನೋಡುತ್ತ, ಮೀನು ಮುಗಿಯುವುದರೊಳಗೆ ತಲುಪಬೇಕು ಎಂಬ ಅವಸರದಲ್ಲಿ ನೇರವಾಗಿ ರಸ್ತೆಗೆ ಇಳಿದರು. ಗಣಪಣ್ಣ ನನ್ನ ಹೆಗಲ ಮೇಲಿಂದ ಕೈ ಬೀಸಿದ. ಬರಬೇಡಿ ಎಂದು ಬೀಸಿದ್ದು ಅವರಿಗೆ ಬನ್ನಿ ಎಂಬಂತೆ ಕಂಡಿತೋ ಏನೋ, ಅವರೂ ಕೈ ಎತ್ತಿದರು. ಕುಮಟಾ ಕಡೆಯಿಂದ ಗೂಡ್ಸ್ ಟೆಂಪೊ ಒಂದು ಬರುತ್ತಿತ್ತು.

ಇಲ್ಲಿಂದ ಮುಂದಿನದು ನನಗೆ ದಿನಕ್ಕೆ ಹತ್ತು ಸಲ ಕಾಣುತ್ತದೆ, ಆದರೆ ಸರಿಯಾದ ಅನುಕ್ರಮದಲ್ಲಿ ಅಲ್ಲ. ಮೊದಲು ಬೋಗುಣಿ ಕಾಣುತ್ತದೆ. ಅದು ರಸ್ತೆಯಲ್ಲಿ ತನ್ನ ಅಂಚಿನ ಮೇಲೆ ನಿಂತು ತಿರುಗಿ ತಿರುಗಿ ಕೊನೆಗೆ ಬೋರಲಾಗಿ ಬೀಳುತ್ತದೆ. ಆಮೇಲೆ ಬ್ರೇಕಿನ ಸದ್ದು ಕೇಳುತ್ತದೆ. ದನದ ಹರಿದ ಕೆಚ್ಚಲು ಹೊಲಿಯುವ ನನಗೆ ಅವರ ತಲೆ ಎತ್ತಿ ಹಿಡಿಯಲು ಆಗಲಿಲ್ಲ. ಚಾಲಕ ಓಡಿಹೋಗಲಿಲ್ಲ; ಅವನೂ ಗಣಪಣ್ಣನೂ ಸೇರಿ ಅದೇ ಗಾಡಿಯಲ್ಲಿ ಹೊನ್ನಾವರಕ್ಕೆ ಒಯ್ದರು. ಮೂರನೆಯ ದಿನ ದೇವಮ್ಮ ತೀರಿಕೊಂಡರು. ಆ ಬೆಳಿಗ್ಗೆ ಅವರು ಮೀನು ಸಿಕ್ಕೇ ಸಿಗುತ್ತದೆಂದು ಮಸಾಲೆ ಅರೆದಿಟ್ಟಿದ್ದರು. ಅದನ್ನು ಸೊಸೆ ಮಂಜುಳಾ ತೆಂಗಿನ ಬುಡಕ್ಕೆ ಹಾಕಿದಳು.

ಬಂದು ಕೇಳಿದವರಿಗೆಲ್ಲ ಗಣಪಣ್ಣ ಹೇಳಿದ್ದು ಒಂದೇ ಮಾತು. ಹಾರ್ನ್ ಹೊಡೆದದ್ದು ತಾನು, ಹಿಂದೆ ಕೂತವನು ಚಟಕ್ಕೆ ಕೈ ಚಾಚಿ ಒತ್ತಿದೆ ಎಂದು. ನಾನು ಪಕ್ಕದಲ್ಲೇ ಇದ್ದೆ, ಬಾಯಿ ತೆರೆಯಲಿಲ್ಲ. ಆಮೇಲೆ ಯಾಕೆ ಹಾಗೆ ಹೇಳಿದಿ ಎಂದು ಕೇಳಿದೆ. “ನೀವು ಅದೇ ಮನೇಲಿ ಇರೂರು ಅಕ್ಕೋರೆ. ಪರ ಊರಿನೋರು. ನಾನು ಇಲ್ಲಿಯವ, ಬೈದ್ರೂ ನಮ್ಮೋರೇ ಬೈತ್ರು” ಎಂದ.

ಯಾರೂ ಬೈಯಲಿಲ್ಲ. ಆಗಸ್ಟಿನಲ್ಲಿ ದೋಣಿಗಳು ಮತ್ತೆ ಇಳಿದವು, ಗಣಪಣ್ಣನ ಪೆಟ್ಟಿಗೆ ತುಂಬಿತು, ಆದರೆ ನಮ್ಮ ಸಾಲಿನ ಹೆಂಗಸರು ಹೊರಗೆ ಬರಲಿಲ್ಲ. ಅವನೇ ಬುರುಡೆಯ ಹಾರ್ನ್ ಬಿಚ್ಚಿಹಾಕಿದ್ದ. ಸದ್ದಿಲ್ಲದೆ ಬಂದು, ಮನೆಗಳ ಮುಂದೆ ಸ್ವಲ್ಪ ನಿಧಾನಿಸಿ, ಹೋಗಿಬಿಡುತ್ತಿದ್ದ. ನಾನು ಕಿಟಕಿಯಿಂದ ನೋಡುತ್ತಿದ್ದೆ. ಕೋಣೆ ಬಿಡುತ್ತೇನೆ ಎಂದು ಎರಡು ಸಲ ಮಂಜುಳಾಗೆ ಹೇಳಲು ಹೋಗಿ, ಮಳೆಯ ಮಾತಾಡಿ ಬಂದೆ.

ಕಲಿಕಾ ಲೈಸೆನ್ಸಿನ ಅವಧಿ ಮುಗಿಯುವುದರೊಳಗೆ ಪರೀಕ್ಷೆ ಕೊಡಬೇಕಿತ್ತು. ನನಗೆ ಬೇಡವಾಗಿತ್ತು. ಗಣಪಣ್ಣ ಒಂದು ಬೆಳಿಗ್ಗೆ ಬೈಕು ತೊಳೆದು, ಅದರ ಹಳೆಯ ಹಾರ್ನ್ ರಿಪೇರಿ ಮಾಡಿಸಿ ತಂದು ನಿಲ್ಲಿಸಿದ. ಎಷ್ಟು ತೊಳೆದರೂ ವಾಸನೆ ಹೋಗಿರಲಿಲ್ಲ. ಹೊನ್ನಾವರದ ಮೈದಾನದಲ್ಲಿ ಸಾಲಿನಲ್ಲಿದ್ದ ಹುಡುಗರು ಮೂಗು ಮುಚ್ಚಿ ನಕ್ಕರು. ನೆಲದ ಮೇಲೆ ಬಿಳಿ ಗೆರೆಯ ಎಂಟು. ಮರಳಿನ ಎಂಟಿಗಿಂತ ಚಿಕ್ಕದು. ನಾನು ಎರಡು ಸುತ್ತು ಬಂದೆ, ಗೆರೆ ಬಿಡಲಿಲ್ಲ, ಕಾಲು ಊರಲಿಲ್ಲ. ಕೈಸನ್ನೆ ತೋರಿಸಿದೆ. ಕೊನೆಗೆ ಇನ್‌ಸ್ಪೆಕ್ಟರು ಕೇಳಿದರು, ಮುಂದೆ ದಾರಿಯಲ್ಲಿ ದನವೋ ಜನವೋ ಅಡ್ಡ ಇದ್ದರೆ ಏನು ಮಾಡುತ್ತೀರಿ ಎಂದು. ನನಗಿಂತ ಮೊದಲು ಮುಗಿಸಿದ ಹುಡುಗ ಹಾರ್ನ್ ಹೊಡೆಯುತ್ತೇನೆ ಎಂದಿದ್ದ.

“ನಿಲ್ಲಿಸ್ತೀನಿ. ಕಾಲು ಊರಿ ನಿಲ್ಲಿಸ್ತೀನಿ” ಎಂದೆ. ಅವರು ಒಮ್ಮೆ ಮುಖ ನೋಡಿ, ಹಾಳೆಯ ಮೇಲೆ ಬರೆದು, ಪಾಸು ಹೋಗಿ ಎಂದರು.

ದೂರದಲ್ಲಿ ನಿಂತಿದ್ದ ಗಣಪಣ್ಣ “ಆತಾ?” ಎಂದು ಕೈಯಲ್ಲೇ ಕೇಳಿದ. ಆತು ಎಂದು ತಲೆ ಆಡಿಸಿದೆ. ಅವನು ನಕ್ಕಿದ್ದನ್ನು ಎರಡು ತಿಂಗಳಲ್ಲಿ ಮೊದಲ ಸಲ ನೋಡಿದೆ. ಇನ್ನು ಅವನ ಸುಳ್ಳಿನ ನೆರಳಲ್ಲಿ ನಿಲ್ಲಲು ನನಗೆ ಆಗಲಿಲ್ಲ.

ಮನೆಗೆ ಬಂದಾಗ ಮಂಜುಳಾ ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದಳು. ಅಷ್ಟು ತಿಂಗಳು ಇಲ್ಲಿಯವರಂತೆ ಮಾತಾಡಲು ಕಲಿಯುತ್ತಿದ್ದವಳು ಆ ಹೊತ್ತಿಗೆ ನಮ್ಮೂರ ಮಾತಿಗೇ ಇಳಿದೆ. “ಮಂಜುಳಾ, ಅವತ್ತ ಹಾರ್ನ್ ಹೊಡದಾಕಿ ನಾನು. ಗಣಪಣ್ಣ ಅಲ್ಲ.”

ಅವಳು ಮೊರದಿಂದ ಕಣ್ಣು ಎತ್ತಲಿಲ್ಲ. “ಗೊತ್ತಿತ್ತು” ಎಂದಳು.

ಅಕ್ಕಿಯಲ್ಲಿ ಬೆರಳಾಡಿಸುತ್ತ ತಾನೇ ಹೇಳಿದಳು. “ಗಣಪಣ್ಣ ಎರಡು ಹೊಡೀತಾ, ಗಿಡ್ಡಕೆ. ಅದು ಒಂದೇ ಇತ್ತು, ಉದ್ದ. ಅತ್ತೆ ಬೋಗುಣಿ ಹಿಡ್ಕಂಡು ಹೊರಟ್ರು. ಅದು ಗಣಪಣ್ಣಂದಲ್ಲ ಅಂದೆ. ಅವ್ರಿಗೆ ಕೇಳ್ಲಿಲ್ಲ. ನಾನು ಮಗಳ ತಲೆಗೆ ಸೋಪು ಹಚ್ಚಿದ್ದೆ, ಎದ್ದು ಹೋಗ್ಲಿಲ್ಲ. ಇನ್ನೊಂದ್ಸಲ ದೊಡ್ಡಕೆ ಹೇಳ್ಲೂ ಇಲ್ಲ.” ಒಂದು ಕಲ್ಲು ಆರಿಸಿ ಅಂಗಳಕ್ಕೆ ಎಸೆದಳು. “ನಾನೂ ಯಾರ ಹತ್ರನೂ ಹೇಳ್ಲಿಲ್ಲ.”

ನಾನು ಅವಳ ಎದುರು ಕೂತು ಮೊರದ ಇನ್ನೊಂದು ಬದಿಯಿಂದ ಅಕ್ಕಿ ಆರಿಸತೊಡಗಿದೆ. ಅದಕ್ಕಿಂತ ಹೆಚ್ಚಿನದೇನೂ ನಡೆಯಲಿಲ್ಲ. ಅವಳು ನನ್ನನ್ನು ಕ್ಷಮಿಸಿದಳೇ ಎಂದು ನೀವು ಕೇಳಿದರೆ ನನಗೆ ಗೊತ್ತಿಲ್ಲ.

ಮರುದಿನ ಗಣಪಣ್ಣ ಸದ್ದಿಲ್ಲದೆ ದಾಟಿ ಹೋಗುವಾಗ ಮಂಜುಳಾ ಅವನನ್ನು ನಡುರಸ್ತೆಯಲ್ಲಿ ತಡೆದಳು. ಹಾರ್ನ್ ಹೊಡೆದದ್ದು ಅವನಲ್ಲ ಎಂದು ಅಕ್ಕಪಕ್ಕದವರಿಗೆ ಕೇಳುವಂತೆ ಹೇಳಿದಳು. ನಾನು ಮುಂದೆ ಬಂದು ಹೌದು ಎಂದೆ. ಮಂಜುಳಾಳೇ ಮುಂದುವರಿಸಿದಳು: “ಕಟ್ಟು ಆ ಹಾರ್ನ್. ನೀನು ಬಂದದ್ದು ಹೋದದ್ದು ಯಾರಿಗೆ ಗೊತ್ತಾಗೂದು? ಆದ್ರೆ ಈ ಬದಿಗೆ ಬಂದ ಮೇಲೇ ಒತ್ತು. ಆಚೆ ಬದೀಲಿ ಇರ್ವಾಗ ಮುಟ್ಟಬೇಡ.” ಅಂದು ಅವಳು ಬಂಗಡೆ ತಗೊಂಡಳು. ಒಲೆ ಹಚ್ಚುವ ಮೊದಲು ನನ್ನ ಕೋಣೆಗೆ ಬಂದು ಕಿಟಕಿಗೆ ಕೈ ಹಾಕಿದಳು. ಇರಲಿ ಬಿಡು, ತೆರೆದೇ ಇರಲಿ ಎಂದೆ.

ಈಗ ಆಸ್ಪತ್ರೆಯ ಬೈಕಿನಲ್ಲಿ ಮುಟ್ಟಳ್ಳಿಯವರೆಗೂ ಹೋಗಿ ಬರುತ್ತೇನೆ. ದನ ಅಡ್ಡ ಬಂದರೆ ನಿಲ್ಲುತ್ತೇನೆ, ಅದು ತಾನಾಗಿ ಸರಿಯುವ ತನಕ. ಹಿಂದಿನವರು ಬೈಯುತ್ತಾರೆ.

ಬನ್ನಿ ಹಬ್ಬಕ್ಕೆ ಊರಿಗೆ ಹೋದಾಗ ಲೈಸೆನ್ಸ್ ಕಾರ್ಡನ್ನು ಅವ್ವನಿಗೆ ತೋರಿಸಿದೆ. ಅದರ ಮೇಲೆ ಹಳದೀಪುರದ ವಿಳಾಸ. ಅವ್ವ ಅದನ್ನು ಅಕ್ಷರ ಕೂಡಿಸಿ ಓದಿ, ಇದು ಯಾರ ಮನಿ ಎಂದು ಕೇಳಿದಳು. ದೇವಮ್ಮನವರದು ಎಂದೆ. ಅವರು ಇಲ್ಲ ಎಂದು ಅವಳಿಗೆ ಗೊತ್ತಿತ್ತು. ಆದರೂ ಹಂಗಂದ್ರ ನಿಂದಲ್ಲ ಅಲಾ ಎಂದಳು, ತನಗೇ ಸಮಾಧಾನ ಹೇಳಿಕೊಳ್ಳುವಂತೆ.

ಮರುದಿನ ಬೆಳಿಗ್ಗೆ ಅಂಗಳದಲ್ಲಿ ಹಿಟ್ಟು ನಾದುವ ಪರಾತ ತೊಳೆಯುತ್ತಿದ್ದೆ. ಓಣಿಯ ತುದಿಯಲ್ಲಿ ಹಾರ್ನ್ ಕೇಳಿತು. ಗೊಬ್ಬರದ ಚೀಲ ಹೇರಿದ ಟ್ರ್ಯಾಕ್ಟರು. ಕಟ್ಟೆಯ ಮೇಲಿದ್ದ ಮುದುಕರು ಕಾಲು ಮೇಲೆಳೆದುಕೊಂಡರು, ಎದುರು ಮನೆಯ ಹುಡುಗಿ ಕುರಿಯನ್ನು ಬಾಗಿಲ ಕಡೆಗೆ ಎಳೆದಳು, ನೀರಿನ ಕೊಡ ಹೊತ್ತವರು ಗೋಡೆಗೆ ಒರಗಿ ನಿಂತರು. ಓಣಿ ಖಾಲಿಯಾಯಿತು. ಅದರ ನಡುವೆ ಕೈಯಲ್ಲಿ ಪರಾತ ಹಿಡಿದು ನಾನೊಬ್ಬಳೇ ನಿಂತಿದ್ದೆ. ಹೇಗೆ ಹೊರಗೆ ಬಂದೆನೆಂದು ನನಗೆ ಗೊತ್ತಾಗಲಿಲ್ಲ.

“ಎಲ್ಲಿ ಹೊಂಟೀಯವ್ವಾ ಅದನ್ನ ತಗೊಂಡು?” ಅವ್ವ ಬಾಗಿಲಿನಿಂದ ಕೇಳಿದಳು. ಟ್ರ್ಯಾಕ್ಟರಿನವನು ನಿಲ್ಲಿಸಿ ಪಕ್ಕಕ್ಕೆ ಸರಿ ಎಂದು ಕೈಮಾಡುತ್ತಿದ್ದ. ನಾನು ಸರಿಯಲಿಲ್ಲ. ಒಂದೇ ಹಾರ್ನ್ ಕೇಳಿತ್ತು. ಇನ್ನೊಂದಕ್ಕೆ ಕಾಯುತ್ತಿದ್ದೆ.