ಓಬಯ್ಯ ಸರ್ ಮತ್ತು ಹಿಂದಿನ ಬೆಂಚಿನ ನೋಟ್‌ಬುಕ್

ಚಳ್ಳಕೆರೆಯ ಸಂತೆಯಲ್ಲಿ ಸೊಪ್ಪು ಮಾರುವ ಅಜ್ಜಿಯೊಬ್ಬರ ಹೆಗಲಲ್ಲಿ ‘ಉನ್ನತ ಶಿಕ್ಷಣದಲ್ಲಿ ಗುಣಮಟ್ಟ ವರ್ಧನೆ’ ಎಂದು ಬರೆದ ನೀಲಿ ಚೀಲ ತೂಗುತ್ತಿತ್ತು. ಬಸ್‌ಸ್ಟ್ಯಾಂಡಿನ ಪಕ್ಕ ಪಂಕ್ಚರ್ ಹಾಕುವ ಸಾಬರು ಸ್ಪ್ಯಾನರುಗಳನ್ನು ತುಂಬಿಟ್ಟುಕೊಂಡಿದ್ದ ಚೀಲದ ಮೇಲೆ ‘ಬೋಧನೆಯ ನವೀನ ವಿಧಾನಗಳು: ಏಳು ದಿನಗಳ ಕಾರ್ಯಾಗಾರ’ ಎಂದಿತ್ತು. ಕೊಂಡ್ಲಹಳ್ಳಿ ಕಡೆ ಕುರಿ ಹೊಡೆದುಕೊಂಡು ಹೋಗುವವರೊಬ್ಬರು ಬುತ್ತಿ ಕಟ್ಟಿಕೊಂಡಿದ್ದ ಚೀಲದ ಮೇಲೂ ಇಂಗ್ಲಿಷಿನಲ್ಲಿ ಏನೋ ಬರೆದಿದ್ದುದನ್ನು ಕಂಡಿದ್ದೇನೆ. ಕುರಿಗಳು ಅದಕ್ಕೆ ತಲೆ ಕೆಡಿಸಿಕೊಂಡಂತೆ ಕಾಣಲಿಲ್ಲ. ಇವೆಲ್ಲ ಓಬಯ್ಯ ಸರ್ ಹಂಚಿದ ಚೀಲಗಳು.

ಓಬಯ್ಯ ಸರ್ ಮೊಳಕಾಲ್ಮೂರಿನ ನಮ್ಮ ಪದವಿ ಕಾಲೇಜಿನಲ್ಲಿ ಇತಿಹಾಸ ಹೇಳುತ್ತಿದ್ದರು. ಮನೆ ಚಳ್ಳಕೆರೆಯಲ್ಲಿ; ದಿನಾ ಬಸ್ಸಿನ ಓಡಾಟ. ವಿಶ್ವವಿದ್ಯಾಲಯದಿಂದ ಅಧ್ಯಾಪಕರ ತರಬೇತಿಗೆ ಸುತ್ತೋಲೆ ಬಂತೆಂದರೆ ನಮ್ಮ ಸ್ಟಾಫ್ ರೂಮಿನಲ್ಲಿ ಒಬ್ಬರಿಗೆ ಸೊಂಟನೋವು ಬರುತ್ತಿತ್ತು, ಇನ್ನೊಬ್ಬರ ನಾದಿನಿಗೆ ಮದುವೆ ಗೊತ್ತಾಗುತ್ತಿತ್ತು. ಪ್ರಿನ್ಸಿಪಾಲರು ಸುತ್ತೋಲೆ ಹಿಡಿದು ಒಬ್ಬೊಬ್ಬರ ಮುಖ ನೋಡುತ್ತಾ ಬಂದು ಕೊನೆಗೆ ಕಿಟಕಿಯ ಹತ್ತಿರ ನಿಲ್ಲುತ್ತಿದ್ದರು. ಅಲ್ಲಿ ಓಬಯ್ಯ ಸರ್ ಕೂತಿರುತ್ತಿದ್ದರು. “ಹಾಕ್ರಿ ನನ್ ಹೆಸರು. ಊಟ ಚೆನ್ನಾಗಿರ್ತೈತೆ” ಎಂದು ಸಹಿ ಮಾಡಿಬಿಡುತ್ತಿದ್ದರು. ತರಬೇತಿಯ ಪ್ರಮಾಣಪತ್ರ ತೋರಿಸಿ ಪಡೆಯಬೇಕಾದ ಯಾವ ಬಡ್ತಿಯೂ ಅವರಿಗೆ ಬಾಕಿ ಇರಲಿಲ್ಲ. ಪ್ರಮಾಣಪತ್ರಗಳು ಅವರ ಬೀರುವಿನಲ್ಲಿ ಕೂತವು, ಅಲ್ಲಿ ಕೊಟ್ಟ ಚೀಲಗಳು ಊರಿನ ಪಾಲಾದವು.

ನಾನು ಅರ್ಥಶಾಸ್ತ್ರಕ್ಕೆ ಹೊಸದಾಗಿ ಸೇರಿದ್ದೆ; ಆಗ ನಾನೂ ಚಳ್ಳಕೆರೆಯಿಂದಲೇ ಅದೇ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಚಿನ್ನದ ಪದಕವಿತ್ತು, ಲ್ಯಾಪ್‌ಟಾಪಿನಲ್ಲಿ ನೂರಾರು ಸ್ಲೈಡುಗಳಿದ್ದವು, ಮೂಗಿನ ತುದಿಯಲ್ಲಿ ಸಿಟ್ಟೂ ಇತ್ತು. ನನ್ನ ಮೊದಲ ಕಾರ್ಯಾಗಾರಕ್ಕೆ ಅವರ ಜೊತೆಯಲ್ಲೇ ಹೋಗಬೇಕಾಯಿತು. ಮೊದಲ ದಿನವೇ ಸಂಪನ್ಮೂಲ ವ್ಯಕ್ತಿಯೊಬ್ಬರು ‘ವಿದ್ಯಾರ್ಥಿ ಕೇಂದ್ರಿತ ಕಲಿಕೆ’ಯ ಬಗ್ಗೆ ಎರಡು ಗಂಟೆ ಮಾತಾಡಿದರು. ಅಷ್ಟು ಹೊತ್ತೂ ನಮ್ಮಲ್ಲಿ ಒಬ್ಬರಿಗೂ ಬಾಯಿ ತೆರೆಯಲು ಬಿಡಲಿಲ್ಲ. ಟೀ ಸಮಯಕ್ಕೆ ಓಬಯ್ಯ ಸರ್ ಎದ್ದು ಹಿಂದಿನ ಸಾಲಿನವರ ಪುಸ್ತಕಗಳನ್ನು ಕೇಳಿ ಪಡೆದರು. ಒಂದರಲ್ಲಿ ದೇವಸ್ಥಾನದ ಗೋಪುರ ಬಿಡಿಸಿತ್ತು, ಇನ್ನೊಂದರಲ್ಲಿ ಮನೆಗೆ ಒಯ್ಯಬೇಕಾದ ದಿನಸಿಯ ಪಟ್ಟಿಯಿತ್ತು. ನನ್ನದರಲ್ಲಿ ಸ್ಲೈಡುಗಳೆಲ್ಲ ಅಕ್ಷರ ಬಿಡದೆ ಇಳಿದಿದ್ದವು. ಮೂರನ್ನೂ ಒಯ್ದು ಆ ಸಂಪನ್ಮೂಲ ವ್ಯಕ್ತಿಯ ಕೈಗೇ ಕೊಟ್ಟು, ಇವರಲ್ಲಿ ನಿಮ್ಮ ಮಾತು ಕೇಳಿದವರು ಯಾರು ಹೇಳಿ ಎಂದರು. ಪುಣ್ಯಕ್ಕೆ ಅವರು ದೊಡ್ಡ ಮನಸ್ಸಿನವರು. ನಕ್ಕು, ಮಧ್ಯಾಹ್ನ ಕುರ್ಚಿ ಎಳೆದುಕೊಂಡು ನಮ್ಮ ನಡುವೆ ಕೂತರು. ಅಕ್ಷರ ಬಿಡದೆ ಇಳಿಸಿಕೊಂಡ ನಾನೂ ಆ ಮಾತು ಕೇಳಿದವಳಲ್ಲ ಎಂದು ನನಗೆ ಹೊಳೆದದ್ದು ಎಷ್ಟೋ ದಿನದ ಮೇಲೆ.

ಅದು ಅವರ ತಮಾಷೆಯಾಗಿರಲಿಲ್ಲ, ಕಸುಬಾಗಿತ್ತು. ಪ್ರತಿದಿನ ಕೊನೆಯ ಪಾಠ ಮುಗಿದ ಮೇಲೆ ಅವರು ಹಿಂದಿನ ಬೆಂಚಿನ ತನಕ ನಡೆದುಹೋಗಿ, ಅಲ್ಲಿ ಕೂತವರ ನೋಟ್‌ಬುಕ್ ಒಂದನ್ನು ಬೇಡಿ ತರುತ್ತಿದ್ದರು. ಅದನ್ನು ಬಸ್ಸಿನಲ್ಲಿ ಓದಿ ಮಾರನೆಯ ದಿನ ವಾಪಸು ಕೊಡುತ್ತಿದ್ದರು. ತರಗತಿಯಲ್ಲಿ ಅವರು “ಗೊತ್ತಾಯ್ತಾ?” ಎಂದು ಕನ್ನಡದಲ್ಲೂ “ಅರ್ಥಮೈಂದಾ?” ಎಂದು ಗಡಿ ಊರಿನ ಮಕ್ಕಳಿಗೆ ತೆಲುಗಿನಲ್ಲೂ ಕೇಳುತ್ತಿದ್ದರು. ಎರಡಕ್ಕೂ ಇಡೀ ತರಗತಿ “ಹೂಂ ಸರ್” ಎನ್ನುತ್ತಿತ್ತು. ಆ ‘ಹೂಂ’ ಒಂದನ್ನು ಮಾತ್ರ ಅವರು ಜನ್ಮದಲ್ಲಿ ನಂಬಲಿಲ್ಲ.

ಕಾರ್ಯಾಗಾರದ ಆರನೆಯ ದಿನ ಎಲ್ಲರೂ ‘ನನ್ನ ಯಶಸ್ವಿ ಪಾಠ’ ಎಂದು ಹತ್ತು ನಿಮಿಷ ಮಾತಾಡಬೇಕಿತ್ತು. ಎಲ್ಲರ ಪಾಠವೂ ಯಶಸ್ವಿಯಾಗಿತ್ತು, ನನ್ನದಂತೂ ಬಣ್ಣಬಣ್ಣದ ನಕ್ಷೆಗಳ ಸಮೇತ. ಓಬಯ್ಯ ಸರ್ ಒಂದು ಹಳೆಯ ನೋಟ್‌ಬುಕ್ ಹಿಡಿದು ನಿಂತರು. ಬ್ರಹ್ಮಗಿರಿಯ ಅಶೋಕನ ಶಾಸನವನ್ನು ಇಪ್ಪತ್ತೆಂಟು ವರ್ಷದಿಂದ ಪಾಠ ಮಾಡುತ್ತಿದ್ದೇನೆ, ನಮ್ಮ ತಾಲ್ಲೂಕಿನ ಸಿದ್ದಾಪುರದ ವಿದ್ಯಾರ್ಥಿಯೊಬ್ಬ ಬರೆದುಕೊಂಡದ್ದನ್ನು ಓದುತ್ತೇನೆ ಎಂದರು. “ಶಾಸನ ಎಲ್ಲಿದೆ? ಪುಟ ನಲವತ್ತೆರಡು.”

ಸಭೆ ನಕ್ಕಿತು. ಅವರು ನಗಲಿಲ್ಲ. ಆ ಹುಡುಗನ ಮನೆಯ ಕುರಿಗಳು ಮೇಯುವುದೇ ಆ ಬಂಡೆಯ ಆಸುಪಾಸಿನಲ್ಲಂತೆ. ಇವರು ವರ್ಷಾ ವರ್ಷ ಪುಸ್ತಕದ ಚಿತ್ರ ತೋರಿಸಿಯೇ ಪಾಠ ಮುಗಿಸಿದ್ದರಿಂದ, ತಾನು ದಿನಾ ನೋಡುವ ಬಂಡೆಯೂ ಪುಸ್ತಕದ ಶಾಸನವೂ ಒಂದೇ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. “ನಮ್ಮೋರೇ ಅಲ್ವಾ, ಗೊತ್ತೇ ಇರ್ತೈತೆ ಅಂದ್ಕಂಡಿದ್ದೆ. ಇದ್ನ ಓದಿದ ವಾರವೇ ಭಾನುವಾರ ಅವನೇ ನನ್ನ ಕರ್ಕಂಡು ಹೋಗಿ ಸುತ್ತ ಬೆಟ್ಟ ಎಲ್ಲಾ ತೋರ್ಸಿದ. ನಾನೂ ಅಲ್ಲಿಗೆ ಹೋಗಿ ಹನ್ನೊಂದು ವರ್ಷ ಆಗಿತ್ತು” ಎಂದು ಹೇಳಿ ಕೂತರು. ಕಾರ್ಯಾಗಾರದ ಸಂಯೋಜಕರು ಯಶಸ್ಸು ಯಾವುದೆಂದು ತಿಳಿಯದೆ ಅವರಿಗೆ ‘ಬಿ’ ಶ್ರೇಣಿ ಕೊಟ್ಟರು. ನನಗೆ ‘ಎ ಪ್ಲಸ್’ ಬಂತು. ಆ ಪ್ರಮಾಣಪತ್ರಕ್ಕೆ ಫ್ರೇಮು ಹಾಕಿಸಿದೆನೆಂದು ಹೇಳಿಕೊಳ್ಳಲು ಈಗ ನಾಚಿಕೆ.

ಆ ವರ್ಷವೇ ಅವರು ಒಂದು ಸಂಜೆ ಬಸ್ಸಿನಲ್ಲಿ ನನ್ನ ತರಗತಿಯ ನೋಟ್‌ಬುಕ್ ಓದುತ್ತಾ ಕೂತಿದ್ದನ್ನು ಕಂಡೆ. ನನ್ನನ್ನು ಒಂದು ಮಾತೂ ಕೇಳಿರಲಿಲ್ಲ. ಮೈಯೆಲ್ಲ ಉರಿದುಹೋಯಿತು. ಅವರು ತಣ್ಣಗೆ ಪುಟ ನನ್ನತ್ತ ತಿರುಗಿಸಿದರು. ಬೇಡಿಕೆ ರೇಖೆ ಸೊಗಸಾಗಿ ಇಳಿದಿತ್ತು. ಎಲ್ಲಿಂದ ಇಳಿಯಿತು, ಯಾತಕ್ಕೆ ಇಳಿಯಿತು ಎಂಬುದು ಮಾತ್ರ ಎಲ್ಲೂ ಇರಲಿಲ್ಲ.

“ನಾವು ಹೇಳಿದ್ದು ಪಾಠ ಅಲ್ಲಮ್ಮ, ಇಲ್ಲಿ ಇಳಿದಿದ್ದು ಪಾಠ” ಎಂದರು. ಆಮೇಲೆ ಪುಸ್ತಕ ಮಡಚಿ, “ಇಪ್ಪತ್ತೆಂಟು ವರ್ಷದಿಂದ ಒಂದು ಸಾಲು ಹುಡುಕ್ತಿದೀನಿ. ‘ಇಲ್ಲಿಂದ ಗೊತ್ತಾಗ್ಲಿಲ್ಲ’ ಅಂತ ಯಾರಾದ್ರೂ ಬರ್ದಿರ್ತಾರಾ ಅಂತ. ಒಬ್ರೂ ಬರ್ದಿಲ್ಲ. ಮೇಷ್ಟ್ರು ಏನಂದ್ಕಂತಾರೋ ಅಂತ ಭಯ. ಆ ಭಯ ಬಿಡ್ಸೋಕೆ ನನ್ ಕೈಲಿ ಆಗ್ಲಿಲ್ಲ” ಎಂದರು.

ನಾನು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ದಾರಿಯಲ್ಲಿ ತಳಕು ಊರು ಬಂದಾಗ ಎದ್ದು ಮುಂದಿನ ಸೀಟಿಗೆ ಹೋಗಿ ಕೂತೆ. ಹದಿನೈದು ದಿನ ಅವರ ಜೊತೆ ಮಾತು ಬಿಟ್ಟೆ. ಅವರೇನೂ ಬೇಜಾರು ಮಾಡಿಕೊಳ್ಳಲಿಲ್ಲ. ದಿನಾ ನನಗೊಂದು ಸೀಟು ಹಿಡಿದಿಟ್ಟಿರುತ್ತಿದ್ದರು. ಹದಿನಾರನೆಯ ದಿನ ಹಿಂದಿನ ಬೆಂಚಿನ ಹುಡುಗಿಯೊಬ್ಬಳ ನೋಟ್‌ಬುಕ್ ನಾನೇ ಕೇಳಿ ತಂದು, ಆ ಸೀಟಿನಲ್ಲಿ ಕೂತು ಓದಿದೆ. ಓದಿದ್ದು ಸುಖ ಕೊಡಲಿಲ್ಲ. ಆದರೆ ಅಭ್ಯಾಸ ಬಿಡಲಿಲ್ಲ.

ಅವರು ನಿವೃತ್ತರಾದ ಮರುವರ್ಷವೇ ಕಾಯಿಲೆ ಬಿದ್ದರು. ಅಷ್ಟರಲ್ಲಿ ನಾನು ಮೊಳಕಾಲ್ಮೂರಿನಲ್ಲೇ ಮನೆ ಮಾಡಿದ್ದೆ. ನೋಡಲು ಹೊರಟಾಗ ಫೋನಿನಲ್ಲಿ ಕೇಳಿದ್ದು ಒಂದೇ: ಹಣ್ಣು ಬೇಡ, ನಿನ್ನ ಕ್ಲಾಸಿನ ಒಂದು ನೋಟ್‌ಬುಕ್ ತಾ. ನನ್ನ ಮೇಜಿನ ಮೇಲೆ ಎರಡಿದ್ದವು. ಒಂದು ಮುಂದಿನ ಬೆಂಚಿನ ಭವ್ಯಳದು, ಮುತ್ತು ಪೋಣಿಸಿದಂಥ ಅಕ್ಷರ. ಇನ್ನೊಂದು ಹಿಂದಿನ ಬೆಂಚಿನ ಮಾರಕ್ಕನದು. ತೆರೆದು ನೋಡಿದರೆ ಹಣದುಬ್ಬರದ ಪಾಠ ಅರ್ಧ ಪುಟ ಬರೆದು, ಒಂದು ಗೆರೆ ಎಳೆದು, ಕೆಳಗೆ ಏನೋ ಗೀಚಿ, ಉಳಿದದ್ದನ್ನು ಖಾಲಿ ಬಿಟ್ಟಿದ್ದಳು. ಖಾಲಿ ಪುಟ ಕಂಡದ್ದೇ ನನ್ನ ಮುಖ ಬಿಸಿಯಾಯಿತು. ಇಷ್ಟು ವರ್ಷ ಹೇಳಿಕೊಟ್ಟದ್ದಕ್ಕೆ ಇದನ್ನೇ ತೋರಿಸುವುದೇ ಎನ್ನಿಸಿ, ಗೀಚಿದ್ದನ್ನೂ ಓದದೆ ಮುಚ್ಚಿಟ್ಟು ಭವ್ಯಳದನ್ನು ತೆಗೆದುಕೊಂಡು ಹೋದೆ.

ಅವರು ಮಂಚದ ಮೇಲೆ ಒರಗಿ ಕೂತು ಎರಡು ಪುಟ ಓದಿದರು. ಮುಖದಲ್ಲಿ ಹಳೆಯ ನಗೆ ಬಂತು.

“ಅಚ್ಚುಕಟ್ಟಾಗೈತೆ. ಮುಂದಿನ ಬೆಂಚಿಂದಲ್ವೇನಮ್ಮ?”

ನಾನು ಹೌದೆಂದೆ. ಸುಳ್ಳು ಹೇಳಿ ದಕ್ಕಿಸಿಕೊಳ್ಳುವಂಥ ಜಾಗ ಅದಾಗಿರಲಿಲ್ಲ.

“ಹಿಂದಿನ ಬೆಂಚಿಂದು ತಗಂಡ್ ಬಾ. ಕಾಯ್ತೀನಿ.”

ಮುಂದಿನ ಭಾನುವಾರ ತರುತ್ತೇನೆಂದು ಹೇಳಿ ಬಂದೆ. ಗುರುವಾರ ಅವರು ಹೋಗಿಬಿಟ್ಟರು.

ಭಾನುವಾರ ಹೋದದ್ದು ಅವರ ಮನೆಯವರನ್ನು ಮಾತಾಡಿಸಲು. ಯಾಕೋ ಮಾರಕ್ಕನ ನೋಟ್‌ಬುಕ್ಕನ್ನೂ ಬ್ಯಾಗಿನಲ್ಲಿ ಇಟ್ಟುಕೊಂಡಿದ್ದೆ. ತರುತ್ತೇನೆಂದು ಮಾತು ಕೊಟ್ಟಿದ್ದೆನಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿ ಇತ್ತು. ಪುಸ್ತಕ ತೆರೆದು, ಗೆರೆಯ ಕೆಳಗೆ ಗೀಚಿದ್ದನ್ನು ಈಗ ಓದಿದೆ. ‘ಇಲ್ಲಿಂದ ಗೊತ್ತಾಗ್ಲಿಲ್ಲ. ಮೇಡಂನ ಕೇಳ್ಬೇಕು.’

ತಳಕು ದಾಟುವ ತನಕ ಅತ್ತೆ. ಕಂಡಕ್ಟರು ಟಿಕೆಟ್ ಕೇಳದೆ ಹಿಂದಕ್ಕೆ ಹೋದ.

ಸೋಮವಾರ ತರಗತಿಗೆ ಹೋಗಿ, ಸ್ಲೈಡು ಹಚ್ಚದೆ, ಹಿಂದಿನ ಬೆಂಚಿನ ತನಕ ನಡೆದೆ. ಪುಸ್ತಕವನ್ನು ಮಾರಕ್ಕನ ಮುಂದಿಟ್ಟು ಎಲ್ಲಿಂದ ಹೇಳಲಿ ಎಂದು ಕೇಳಿದೆ. ಅವಳು ನನ್ನ ಮುಖವನ್ನೊಮ್ಮೆ ನೋಡಿ, ಹೆದರದೆ, ಆ ಗೆರೆಯ ಮೇಲೆ ಬೆರಳಿಟ್ಟಳು.