ಅಕ್ಕ ಮಲಗುತ್ತಿದ್ದ ಜಾಗ

ಜೂನ್ ತಿಂಗಳಲ್ಲಿ ಶಾಲೆ ತೆರೆಯುವುದಕ್ಕೆ ಮೂರು ದಿನ ಮೊದಲೇ ಹೋಗಿ ನಾನು ಹಾಸ್ಟೆಲಿನ ಬೀಗ ತೆಗೆಯುತ್ತಿದ್ದೆ. ಮೊಳಕಾಲ್ಮೂರಿನಿಂದ ಆಚೆ, ಬಂಡೆಗುಡ್ಡದ ಬುಡದಲ್ಲಿದ್ದ ಹೆಣ್ಣುಮಕ್ಕಳ ವಸತಿ ಶಾಲೆ ಅದು. ತೊಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ಅಲ್ಲಿ ವಾರ್ಡನ್ ಆಗಿದ್ದೆ. ಎರಡು ತಿಂಗಳು ಮುಚ್ಚಿದ್ದ ಕೋಣೆಗಳಲ್ಲಿ ಬಾವಲಿಗಳ ವಾಸನೆ ತುಂಬಿರುತ್ತಿತ್ತು. ಕಿಟಕಿಯ ಸಂದಿಗಳಲ್ಲಿ ಕಣಜ ಗೂಡು ಕಟ್ಟಿರುತ್ತಿತ್ತು. ನಾನೂ ಅಡುಗೆಯಾಕೆಯೂ ಸೇರಿ ಜಮಖಾನಗಳನ್ನು ಬಂಡೆಯ ಮೇಲೆ ಹರಡಿ ಬಡಿಯುತ್ತಿದ್ದೆವು, ನೀರಿನ ತೊಟ್ಟಿಗೆ ಇಳಿದು ಪಾಚಿ ಉಜ್ಜುತ್ತಿದ್ದೆವು. ಆಮೇಲೆ ಒಬ್ಬೊಬ್ಬರೇ ಬರುತ್ತಿದ್ದರು. ತಲೆಯ ಮೇಲೆ ತಗಡಿನ ಟ್ರಂಕು ಹೊತ್ತ ಅವ್ವಂದಿರು, ಅವರ ಸೆರಗು ಹಿಡಿದ ಮಕ್ಕಳು. ಸಂಜೆಯ ಹೊತ್ತಿಗೆ ಹಜಾರದಲ್ಲಿ ಐವತ್ತು ಹುಡುಗಿಯರ ಗದ್ದಲ.

ನಾನು ಹೇಳಬೇಕೆಂದಿರುವ ವರ್ಷ, ಬೆಳಿಗ್ಗೆಯೇ ಕೂತು ಹಳೇ ಹಾಜರಿ ಪುಸ್ತಕ ನೋಡಿಕೊಂಡು ಹೊಸದಕ್ಕೆ ಹೆಸರುಗಳನ್ನು ಇಳಿಸಿದ್ದೆ. ಮಧ್ಯಾಹ್ನ ಒಬ್ಬ ತಾಯಿ ಬಂದಳು. ರಾಂಪುರದ ಕಡೆಯ ಹಟ್ಟಿಯವಳು, ಕುರಿ ಮೇಯಿಸುವ ಮನೆಯವಳು. ಅವಳ ದೊಡ್ಡ ಮಗಳು ಎರಡು ವರ್ಷದಿಂದ ನಮ್ಮಲ್ಲೇ ಇದ್ದಳು, ಏಳನೆಯ ತರಗತಿಗೆ ಕಾಲಿಡಬೇಕಿತ್ತು. ಚಿಕ್ಕವಳಿಗೂ ಐದನೆಯ ತರಗತಿಗೆ ಸೀಟು ಸಿಕ್ಕಿತ್ತು. ತಾಯಿಯ ಹಿಂದೆ ಚಿಕ್ಕವಳು ಮಾತ್ರ ನಿಂತಿದ್ದಳು. ದೊಡ್ಡವಳು ಮುಂದಿನ ಬಸ್ಸಿಗೆ ಬರುತ್ತಾಳೇನೋ ಎಂದುಕೊಂಡು ಹಾಗೇ ಕೇಳಿದೆ.

ಆಕೆ ಟ್ರಂಕು ಕೆಳಗಿಳಿಸಿ ತಲೆಯ ಸಿಂಬಿ ಬಿಚ್ಚಿ ಮುಖ ಒರೆಸಿಕೊಂಡಳು.

"ದೊಡ್ಡದು ಇಲ್ಲ ಕಣ್ರಿ ಮೇಡಮ್ಮೋರೇ. ರಜಾಕ್ಕೆ ಬಂದ ನಾಕನೇ ದಿನಕ್ಕೆ ಹೋಯ್ತು. ಮೆದುಳು ಜ್ವರ ಅಂದ್ರು."

ಆಕೆಯೇ ಮುಂದುವರಿಸಿ, ಬಳ್ಳಾರಿಗೆ ಒಯ್ಯುವ ದಾರಿಯಲ್ಲೇ ಮುಗಿಯಿತು ಎಂದಳು. ಟ್ರಂಕಿನ ಮೇಲೆ ಬಿಳಿ ಬಣ್ಣದಲ್ಲಿ ಬರೆಸಿದ್ದ ದೊಡ್ಡವಳ ಹೆಸರು ಹಾಗೇ ಇತ್ತು, ಅಳಿಸಲು ಕೈ ಬರಲಿಲ್ಲವಂತೆ. ಹೊರಡುವಾಗ ಒಂದೇ ಒಂದು ಕೇಳಿಕೊಂಡಳು. "ಇದನ್ನ ಅದ್ರ ಜಾಗದಾಗೇ ಮಲಗಿಸ್ರಿ. ಅಕ್ಕ ಇದ್ದ ಜಾಗ ಅಂದ್ರೆ ಅಂಜಿಕೆ ಇರಲ್ಲ ಅದಕ್ಕೆ."

ಆಗಲಿ ಎಂದೆ. ಆಕೆ ಗೇಟು ದಾಟಿ ಹೋದಮೇಲೆ ಹಿಂಬದಿಯ ಕಟ್ಟೆಗೆ ಹೋಗಿ ಕೂತೆ.

ಏಪ್ರಿಲಿನಲ್ಲಿ ಹಾಸ್ಟೆಲು ಮುಚ್ಚಿದ ದಿನ ದೊಡ್ಡವಳ ಮೈ ಬೆಚ್ಚಗಿತ್ತು. ಎಲ್ಲರೂ ಬಸ್ಸಿಗೆ ಕಾಯುತ್ತಾ ಬೇವಿನ ಮರದ ಕೆಳಗೆ ನಿಂತಿದ್ದಾಗ ಅವಳು ಒಬ್ಬಳೇ ಬಂದು ನನ್ನ ಪಕ್ಕದಲ್ಲಿ ನಿಂತಳು. ನಾನು ಮಾತ್ರೆ ಕೊಟ್ಟೆ, ನುಂಗಿದಳು. ತಲೆ ಸಿಡಿಯುತ್ತಿದೆ ಎಂದಳು. ಅವಳ ಕನ್ನಡ ಚೆನ್ನಾಗಿತ್ತು. ಆದರೆ ಅವರ ಮನೆಮಾತು ತೆಲುಗು. ಆ ಸಂಕಟದಲ್ಲಿ ಅವಳ ಬಾಯಿಗೆ ಮನೆಮಾತೇ ಬಂತು. "ಈಡ್ನೇ ಉಂಟಾನು ಮೇಡಂ. ನಾಕು ಬಾಗ ಲೇದು."

ಇಲ್ಲೇ ಇರುತ್ತೇನೆ, ನನಗೆ ಹುಷಾರಿಲ್ಲ ಎಂದು ಅದರ ಅರ್ಥ. ನನ್ನ ಅಜ್ಜಿ ತೆಲುಗಿನವಳು. ಅವಳ ತೊಡೆಯ ಮೇಲೆ ಬೆಳೆದವಳು ನಾನು. ಆ ಹುಡುಗಿ ಹೇಳಿದ ಒಂದಕ್ಷರವೂ ನನಗೆ ತಪ್ಪಿರಲಿಲ್ಲ. ಆದರೆ ನನ್ನ ನಾಲ್ಕು ವರ್ಷದ ಮಗಳು ಚಳ್ಳಕೆರೆಯಲ್ಲಿ ಅತ್ತೆಯವರ ಹತ್ತಿರ ಇದ್ದಳು. ಅವಳ ಮುಖ ನೋಡಿ ಒಂದೂವರೆ ತಿಂಗಳಾಗಿತ್ತು. ಅಜ್ಜಿಯನ್ನೇ ಅವ್ವಾ ಎನ್ನಲು ಶುರು ಮಾಡಿದ್ದಾಳೆ ಎಂದು ನನ್ನ ಗಂಡ ಕಾಗದ ಬರೆದಿದ್ದರು. ಈ ಹುಡುಗಿಯನ್ನು ಇಟ್ಟುಕೊಂಡರೆ ಆ ದಿನ ನನ್ನ ಬಸ್ಸು ತಪ್ಪುತ್ತಿತ್ತು. ಆಸ್ಪತ್ರೆಗೆ ಹೋಗಬೇಕಾಗುತ್ತಿತ್ತು, ಅವಳ ಮನೆಗೆ ಹೇಳಿಕಳಿಸಬೇಕಾಗುತ್ತಿತ್ತು.

"ಕನ್ನಡದಾಗೆ ಹೇಳು. ನಂಗೆ ತಿಳಿಯಲ್ಲ" ಎಂದೆ.

ಅವಳು ನನ್ನ ಮುಖ ನೋಡಿದಳು. ಮತ್ತೆ ಹೇಳಲಿಲ್ಲ. ರಾಂಪುರದ ಬಸ್ಸು ಬಂತು. ನಾನೇ ಅವಳ ಟ್ರಂಕು ಒಳಗೆ ಕೊಟ್ಟು, ಹಟ್ಟಿಯ ಹತ್ತಿರ ಇಳಿಸಿ ಎಂದು ಕಂಡಕ್ಟರಿಗೆ ಹೇಳಿದೆ. ಅರ್ಧ ಗಂಟೆಗೆ ಚಳ್ಳಕೆರೆಯ ಬಸ್ಸು ಸಿಕ್ಕಿತು. ಇಡೀ ಬೇಸಿಗೆ ನಾನು ಆ ಹುಡುಗಿಯನ್ನು ಒಮ್ಮೆಯೂ ನೆನೆಯಲಿಲ್ಲ.

ಶಾಲೆ ತೆರೆದ ಆ ದಿನ ಸಂಜೆ ಪ್ರಾರ್ಥನೆ ಮುಗಿಸಿ ಹಾಜರಿ ಕರೆಯಲು ನಿಂತೆ. ಮಧ್ಯಾಹ್ನ ಕೇಳಿದ ಸುದ್ದಿ ನನ್ನ ಎದೆಗೆ ಮುಟ್ಟಿತ್ತು, ಕೈಗೆ ಇನ್ನೂ ಮುಟ್ಟಿರಲಿಲ್ಲ. ಬೆಳಿಗ್ಗೆ ಬರೆದ ಪುಸ್ತಕವನ್ನೇ ಹಿಡಿದು ಒಂದರ ಹಿಂದೆ ಒಂದು ಹೆಸರು ಕರೆಯುತ್ತಾ ಹೋದೆ. ಆ ಹೆಸರೂ ಬಂದುಬಿಟ್ಟಿತು. ಹುಡುಗಿಯರೆಲ್ಲ ತಲೆಯೆತ್ತಿ ನನ್ನನ್ನು ನೋಡಿದರು. ಸುದ್ದಿ ಆಗಲೇ ಎಲ್ಲರಿಗೂ ಗೊತ್ತಾಗಿತ್ತು.

ಹಿಂದಿನ ಸಾಲಿನಿಂದ ಸಣ್ಣದೊಂದು ದನಿ, "ಹಾಜರ್ ಮೇಡಂ" ಎಂದಿತು.

ಎದ್ದು ನಿಂತದ್ದು ತಂಗಿ. ಕೊನೆಯಲ್ಲಿ ಅವಳ ಸ್ವಂತ ಹೆಸರು ಕರೆದಾಗಲೂ ಅಷ್ಟೇ ಸಹಜವಾಗಿ ಹಾಜರ್ ಎಂದಳು. ಎಲ್ಲರೂ ಊಟಕ್ಕೆ ಎದ್ದಮೇಲೆ ಪಕ್ಕಕ್ಕೆ ಕರೆದು, ಯಾಕಮ್ಮ ಹಾಗಂದೆ ಎಂದು ಕೇಳಿದೆ.

"ನೀವು ಕರೆದ್ರಲ್ರಿ. ಯಾರೂ ಓ ಅನ್ನಲಿಲ್ಲ" ಎಂದಳು.

ಆ ಸಾಲನ್ನು ಮಾರನೆಯ ದಿನವೇ ಕೆಂಪು ಶಾಯಿಯಲ್ಲಿ ಹೊಡೆದುಹಾಕಿದೆ. ಆದರೂ ಆ ಮಳೆಗಾಲದಲ್ಲಿ ನನ್ನ ನಾಲಿಗೆ ಎರಡು ಮೂರು ಸಲ ಆ ಹೆಸರನ್ನು ಕರೆದೇಬಿಟ್ಟಿತು. ಪ್ರತಿ ಸಲವೂ ಅವಳು ಓಗೊಟ್ಟಳು.

ಮೂಲೆಯ ಆ ಜಾಗದ ಎರಡೂ ಬದಿಗೆ ಮಲಗುತ್ತಿದ್ದ ಹುಡುಗಿಯರು ಹಾಸಿಗೆ ಸುತ್ತಿಕೊಂಡು ಬೇರೆಡೆ ಹೋದರು. ಬೈದೆ, ಪುಸಲಾಯಿಸಿದೆ, ಯಾರೂ ಕೇಳಲಿಲ್ಲ. ಸತ್ತವಳು ನಸುಕಿನಲ್ಲಿ ತೊಟ್ಟಿಯ ಹತ್ತಿರ ಬಂದು ತಲೆ ಬಾಚಿಕೊಳ್ಳುತ್ತಾಳೆ ಎಂದು ಅವರಲ್ಲಿ ಮಾತು ಹುಟ್ಟಿತು. ನಮ್ಮ ಅಡುಗೆಯಾಕೆ ತೊಟ್ಟಿಯ ಕಟ್ಟೆಗೆ ಅರಿಶಿನ ಕುಂಕುಮ ಹಚ್ಚಿ ಬೇವಿನ ಸೊಪ್ಪು ಸಿಕ್ಕಿಸಿದಳು. ಇಂಥದ್ದೆಲ್ಲ ನಂಬಬಾರದು ಎಂದು ಮಕ್ಕಳಿಗೆ ಹೇಳುತ್ತಿದ್ದ ನಾನು, ಹಾಸಿಗೆ ಎಣಿಸುವಾಗ ಆ ಮೂಲೆಯವರೆಗೆ ಹೋಗದೆ ದೂರದಿಂದಲೇ ತಿರುಗಿಬಿಡುತ್ತಿದ್ದೆ.

ಆಷಾಢದ ಗಾಳಿ ಬೀಸುತ್ತಿದ್ದ ಒಂದು ಬೆಳಗಿನ ಜಾವ ನಾನೂ ನೋಡಿದೆ. ತೊಟ್ಟಿಯ ಕಟ್ಟೆಯ ಮೇಲೆ ನನಗೆ ಓರೆಯಾಗಿ ಬೆನ್ನು ಹಾಕಿ ಕೂತಿದ್ದಳು. ದೊಡ್ಡವಳು ಉಡುತ್ತಿದ್ದ ಅದೇ ಹಸಿರು ಲಂಗ. ಕೂದಲನ್ನೆಲ್ಲ ಒಂದು ಭುಜದ ಮೇಲಿಂದ ಮುಂದಕ್ಕೆ ಎಳೆದುಕೊಂಡು, ಬಾಚಣಿಗೆಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಎರಡೂ ಕೈಯಲ್ಲಿ ಬೈತಲೆ ತೆಗೆಯುತ್ತಿದ್ದಳು. ದೊಡ್ಡವಳು ಹಾಗೇ ಮಾಡುತ್ತಿದ್ದಳು, ಬಾಚಣಿಗೆ ಕಚ್ಚಬೇಡ ಎಂದು ನಾನು ಎಷ್ಟೋ ಸಲ ಗದರಿದ್ದೆ. ಕೂಗಬೇಕೆಂದು ಬಾಯಿ ತೆರೆದೆ. ಯಾವ ಹೆಸರು ಹಿಡಿದು ಕೂಗುವುದು? ಗಾಳಿಗೆ ಬಾಗಿಲು ಬಡಿದುಕೊಂಡಿತು, ಅವಳು ತಿರುಗಿದಳು. ತಂಗಿ. ಅಕ್ಕನ ಲಂಗ ಅವಳಿಗೆ ಆಗಲೇ ಅಳತೆಗೆ ಬರುತ್ತಿತ್ತು. ಅಕ್ಕನಿಂದಲೇ ತಲೆ ಬಾಚುವುದನ್ನು ಕಲಿತಿದ್ದಳು. ಅದರಲ್ಲಿ ವಿಚಿತ್ರವೇನೂ ಇರಲಿಲ್ಲ. ಆದರೂ ಕೋಣೆಗೆ ಬಂದು ಚಿಲಕ ಹಾಕಿಕೊಂಡೆ.

ಶ್ರಾವಣದಲ್ಲಿ ಅವಳಿಗೂ ಜ್ವರ ಬಂತು. ತರಗತಿಯಿಂದ ಮಧ್ಯಾಹ್ನ ಇಬ್ಬರು ಹುಡುಗಿಯರು ಕೈಹಿಡಿದು ಕರೆತಂದರು. ಹಣೆ ಮುಟ್ಟಿದವಳೇ ಅವಳನ್ನು ಹೆಗಲಿಗೆ ಹಾಕಿಕೊಂಡು ರಸ್ತೆಗೆ ಓಡಿದೆ. ಶೇಂಗಾ ಚೀಲ ಹೇರಿಕೊಂಡು ಹೋಗುತ್ತಿದ್ದ ಟೆಂಪೋ ನಿಲ್ಲಿಸಿ ಮೊಳಕಾಲ್ಮೂರಿನ ಆಸ್ಪತ್ರೆಗೆ ಒಯ್ದೆ. ಸಾಮಾನ್ಯ ಜ್ವರ, ಎರಡು ದಿನ ಇರಲಿ ಎಂದರು ಡಾಕ್ಟರು. ಅವರು ಅಷ್ಟು ಹೇಳಿದ ಮೇಲೂ ನಾನು ಮಂಚದ ಪಕ್ಕದಿಂದ ಏಳಲಿಲ್ಲ. ಬಸ್ಸಿನವರ ಕೈಯಲ್ಲಿ ಹಟ್ಟಿಗೆ ಹೇಳಿಕಳಿಸಿದ್ದೆ. ಮರುದಿನ ಹತ್ತು ಗಂಟೆಗೆ ತಾಯಿ ಬಂದಳು.

ಅಷ್ಟೊತ್ತಿಗೆ ಜ್ವರ ಇಳಿದು ಮಗು ನಿದ್ದೆ ಹೋಗಿತ್ತು. ನಾವಿಬ್ಬರೂ ವರಾಂಡದಲ್ಲಿ ಕೂತೆವು. ಆಕೆ ನನಗೆ ರೊಟ್ಟಿ ತಂದಿದ್ದಳು. ನೀವು ರಾತ್ರಿಯೆಲ್ಲ ಕೂತಿದ್ದಿರಂತೆ, ನರ್ಸಮ್ಮ ಹೇಳಿದಳು ಎಂದಳು. ಆಮೇಲೆ ರೊಟ್ಟಿ ಕಟ್ಟಿದ್ದ ಬಟ್ಟೆ ಮಡಚುತ್ತಾ ತಾನಾಗಿಯೇ ದೊಡ್ಡ ಮಗಳ ಮಾತು ತೆಗೆದಳು.

"ದೊಡ್ಡದು ನಿಮ್ಮ ಮ್ಯಾಲೆ ಒಂದು ತಪ್ಪೂ ಹೇಳಲಿಲ್ರಿ. 'ನಾನೇ ತೆಲುಗಿನಾಗೆ ಅಂದ್ಬಿಟ್ಟೆ ಅವ್ವಾ, ಪಾಪ ಮೇಡಮ್ಮಿಗೆ ನಮ್ಮ ಮಾತು ಬರಲ್ಲ' ಅಂತು."

ಆಕೆ ಹೇಳಿದ್ದನ್ನು ಹಾಗೇ ಇಟ್ಟುಕೊಂಡು ಬದುಕಬಹುದಿತ್ತು. ಸತ್ತ ಮಗುವೇ ನನಗೆ ಆ ನೆಪವನ್ನು ಬಿಟ್ಟುಹೋಗಿತ್ತು. ನೀರು ಕುಡಿದು ಹೇಳಿದೆ.

"ನಂಗೆ ತೆಲುಗು ಬರ್ತೈತಮ್ಮ. ಅವತ್ತು ಅದು ಹೇಳಿದ್ದು ತಿಳೀತು."

ಬಟ್ಟೆ ಮಡಚುತ್ತಿದ್ದ ಕೈ ನಿಂತಿತು. ನಾನು ನನ್ನ ಮಗಳ ವಿಷಯ, ಬಸ್ಸಿನ ವಿಷಯ ಎಲ್ಲ ಹೇಳಿದೆ. ಆಕೆ ಯಾಕೆಂದು ಕೇಳಿರಲಿಲ್ಲ. ಹೇಳುತ್ತಿದ್ದಂತೆ ನನಗೇ ಅದು ಎಷ್ಟು ಸಣ್ಣ ಕಾರಣ ಅನ್ನಿಸಿತು. ಅವತ್ತೇ ಆಸ್ಪತ್ರೆಗೆ ಒಯ್ದಿದ್ದರೆ ಉಳಿಯುತ್ತಿದ್ದಳೇನೋ, ಉಳಿಯುತ್ತಿರಲಿಲ್ಲವೇನೋ. ಅದನ್ನು ಆಕೆಯೂ ಕೇಳಲಿಲ್ಲ, ನಾನೂ ಅನ್ನಲಿಲ್ಲ. ಆಕೆ ಹೂಂ ಎಂದು ಎದ್ದು ಒಳಗೆ ಹೋದಳು.

ಮಗಳನ್ನು ಕರೆದುಕೊಂಡು ಹೋಗುತ್ತಾಳೆ ಎಂದೇ ನಾನು ತಿಳಿದಿದ್ದೆ. ಮಾರನೆಯ ದಿನ ಆಸ್ಪತ್ರೆಯಿಂದ ಹೊರಡುವಾಗ ಆಕೆ ಮಗಳ ಮುಂದೆ ಕುಕ್ಕರುಗಾಲಲ್ಲಿ ಕೂತು, ನನ್ನ ಎದುರಿಗೇ ತೆಲುಗಿನಲ್ಲಿ ಕೇಳಿದಳು, ಹಟ್ಟಿಗೆ ಬರುತ್ತೀಯೋ, ಶಾಲೆಗೆ ಹೋಗುತ್ತೀಯೋ ಎಂದು. ಹುಡುಗಿ "ಈಡ್ನೇ ಉಂಟಾ" ಎಂದಳು.

ನಾವಿಬ್ಬರೂ ಕೇಳಿಸಿಕೊಂಡೆವು. ಒಬ್ಬರ ಮುಖ ಒಬ್ಬರು ನೋಡಲಿಲ್ಲ. "ಇರ್ಲಿ ಬಿಡ್ರಿ" ಎಂದಷ್ಟೇ ಹೇಳಿ ಆಕೆ ಬಸ್‌ಸ್ಟ್ಯಾಂಡಿನ ಕಡೆ ನಡೆದಳು.

ಮುಂದಿನ ಜೂನಿಗೆ ನಾನು ನನ್ನ ಮಗಳನ್ನೂ ಚಳ್ಳಕೆರೆಯಿಂದ ಕರೆತಂದು ಹಾಸ್ಟೆಲಿನಲ್ಲೇ ಇಟ್ಟುಕೊಂಡೆ. ಶಾಲೆ ತೆರೆದ ದಿನ ಅವಳು ಗೇಟಿನಲ್ಲಿ ನಿಂತಿದ್ದಳು. ಮಗಳನ್ನು ಬಿಡಲು ಬಂದ ಆ ತಾಯಿ ನನ್ನ ಮಗುವನ್ನು ನೋಡಿ, ಯಾರ ಕೂಸು ಎಂದು ಅಡುಗೆಯಾಕೆಯನ್ನು ಕೇಳಿ ತಿಳಿದುಕೊಂಡಳು. ಬಗ್ಗಿ ಅದರ ಗಲ್ಲ ಮುಟ್ಟಿ, ಹಾಗೇ ಹೊರಟುಹೋದಳು. ಆಮೇಲಿನ ವರ್ಷಗಳಲ್ಲೂ ಅಷ್ಟೇ. ಬರುತ್ತಿದ್ದಳು, ಅಡುಗೆಯಾಕೆಯ ಜೊತೆ ನಾಲ್ಕು ಮಾತಾಡುತ್ತಿದ್ದಳು, ನನಗೆ ಬರೀ ಕೈ ಮುಗಿಯುತ್ತಿದ್ದಳು. ಹುಡುಗಿ ಹತ್ತನೆಯ ತರಗತಿ ಪಾಸಾದಳು. ಆಮೇಲೆ ನನ್ನಿವಾಳದ ಕಡೆ ಮದುವೆಯಾಗಿ, ಅಲ್ಲಿಯ ಅಂಗನವಾಡಿಯಲ್ಲಿ ಕೆಲಸ ಮಾಡುತ್ತಿದ್ದಾಳೆಂದು ಕೇಳಿದೆ.

ಅವರ ಹಟ್ಟಿಗೆ ನಾನು ಯಾವತ್ತೂ ಹೋಗಿರಲಿಲ್ಲ. ನನಗೆ ವರ್ಗವಾದ ವರ್ಷ ಬಳ್ಳಾರಿಗೆ ಹೋಗುವ ಬಸ್ಸಿನಲ್ಲಿ ಕೂತಿದ್ದವಳು ಆ ತಾಯಿಯನ್ನು ನೋಡಬೇಕೆನ್ನಿಸಿ ಅಲ್ಲಿ ಇಳಿದುಬಿಟ್ಟೆ. ಜಾಲಿ ಗಿಡಗಳ ನಡುವೆ ಕಾಲುದಾರಿ ಒಳಗೆ ಹೋಗಿತ್ತು, ದೂರದಲ್ಲಿ ಕುರಿದೊಡ್ಡಿಯ ಬೇಲಿ ಕಾಣುತ್ತಿತ್ತು. ಸೌದೆ ಹೊತ್ತು ಬರುತ್ತಿದ್ದ ಹೆಂಗಸೊಬ್ಬಳು ನಿಂತು, ಯಾರ ಮನೆಗೆ ಹೋಗಬೇಕ್ರಿ ಎಂದು ಕೇಳಿದಳು. ತಪ್ಪಿ ಇಳಿದೆ ಎಂದೆ. ಮುಂದಿನ ಬಸ್ಸು ಬರುವವರೆಗೂ ಅವಳು ನನ್ನ ಜೊತೆಗೇ ನಿಂತಿದ್ದು, ಕೈ ತೋರಿಸಿ ಬಸ್ಸು ನಿಲ್ಲಿಸಿ ಹತ್ತಿಸಿದಳು.